ಬೂಟಿನ ಹಿಂದಿನ ಸಾಲು

ನಮ್ಮೂರಿಗೆ ವರ್ಗವಾಗಿ ಬಂದ ಅಧಿಕಾರಿಗಳು ಮೊದಲ ವಾರ ಬಹಳ ಕಷ್ಟಪಡುತ್ತಾರೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಅವರು ಕಚೇರಿಯ ಬಾಗಿಲಲ್ಲಿ ಬಿಟ್ಟ ಬೂಟುಗಳು ಮೆಟ್ಟಿಲಿಳಿದು, ಪೇಟೆ ದಾಟಿ, ಬಸ್ ನಿಲ್ದಾಣಕ್ಕೆ ಹೋಗಿ ತಮ್ಮೂರಿನ ಬಸ್ಸಿಗೆ ಕಾಯುತ್ತ ನಿಲ್ಲುತ್ತವೆ. ಅವಕ್ಕೆ ಅರ್ಧ ಟಿಕೆಟ್ ಕೊಡಬೇಕೋ ಲಗೇಜು ಎಂದು ಬರೆಯಬೇಕೋ ಎಂದು ಕಂಡಕ್ಟರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅಧಿಕಾರಿಗಳು ಬರಿಗಾಲಲ್ಲಿ ಓಡಿ ಬರುತ್ತಾರೆ. ನಮ್ಮೂರಲ್ಲಿ ಎಲ್ಲೇ ಬಿಟ್ಟ ಚಪ್ಪಲಿಯಾಗಲಿ, ದೀಪದ ಹೊತ್ತಿಗೆ ತಾನಾಗಿ ಮನೆಗೆ ಹೋಗುತ್ತದೆ. ಹೀಗಾಗಿ ಚಪ್ಪಲಿ ಕಳ್ಳರಿಲ್ಲ. ಗುಟ್ಟುಗಳೂ ಬಹಳ ದಿನ ಬಾಳುವುದಿಲ್ಲ. ಕೆಲವು ಗಂಡಸರ ಚಪ್ಪಲಿಗಳು ಎರಡು ಓಣಿಗಳ ನಡುವೆ ನಿಂತು ಯೋಚನೆ ಮಾಡುವುದನ್ನು ನಾನೇ ನೋಡಿದ್ದೇನೆ.

ಹೊಸ ಸೊಸೆಯ ಚಪ್ಪಲಿಗಳು ಕೆಲವು ತಿಂಗಳು ತವರಿನ ದಾರಿ ಹಿಡಿಯುತ್ತವೆ. ಅತ್ತೆಯರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮಂಚದ ಕಾಲಿಗೆ ಕಟ್ಟಿಡುತ್ತಾರೆ. ಒಂದು ಸಂಜೆ ಹಗ್ಗ ಬಿಚ್ಚಿದರೂ ಅವು ಹೊಸಿಲಲ್ಲೇ ಕೂತರೆ ಆ ಮನೆಯಲ್ಲಿ ಹೋಳಿಗೆ. ಹೋಳಿಗೆ ತಂದುಕೊಟ್ಟವರನ್ನು ಏನು ವಿಶೇಷ ಎಂದು ಯಾರೂ ಕೇಳುವುದಿಲ್ಲ. ನಮ್ಮ ಓಣಿಯ ಒಬ್ಬ ಸೊಸೆಯ ಚಪ್ಪಲಿ ಹದಿನೇಳು ವರ್ಷವಾದರೂ ನಿಂತಿಲ್ಲ. ಅವಳ ಅತ್ತೆ ಹಗ್ಗ ಬಿಟ್ಟು ಈಗ ಸರಪಳಿ ತಂದಿದ್ದಾಳೆ.

ನನ್ನ ಅಪ್ಪ ದುರುಗಪ್ಪ ಚಪ್ಪಲಿ ಹೊಲಿಯುತ್ತಾನೆ. ಅವನ ಪಕ್ಕ ಕೂತು ನಾನೂ ಹೊಲಿಯುತ್ತೇನೆ. ಕುಡಿಯುವ ನೀರಿನ ಘಟಕದಿಂದ ಪೇಟೆಗೆ ಬರುವ ರಸ್ತೆ ಹೊರಳುವ ಕಡೆ ನಮ್ಮ ಅಂಗಡಿ, ಅದರ ಹಿಂದೆಯೇ ಮನೆ. ಊರಲ್ಲಿ ಸಭೆ ಸಮಾರಂಭವೇನಾದರೂ ದೀಪದ ಹೊತ್ತು ಮೀರುವುದಿದ್ದರೆ ಚಪ್ಪಲಿ ಕಟ್ಟಲು ನಮ್ಮನ್ನು ಕರೆಯುತ್ತಾರೆ. ಬಾಗಿಲ ಬಳಿ ಗೂಟ ಹೊಡೆದು, ಉದ್ದದ ಹಗ್ಗಕ್ಕೆ ಜೋಡಿ ಜೋಡಿಯಾಗಿ ಕಟ್ಟಿಬಿಟ್ಟರೆ ಆಯಿತು. ಕಟ್ಟದಿದ್ದರೆ ಭಾಷಣದ ನಡುವೆಯೇ ಎಲ್ಲ ಹೊರಟುಬಿಡುತ್ತವೆ, ಅವುಗಳ ಹಿಂದೆ ಜನರೂ ಹೊರಡುತ್ತಾರೆ. ಜನರಿಗೆ ಅದೊಂದು ನೆವ ಎಂದು ಅಪ್ಪ ಹೇಳುತ್ತಾನೆ.

ನನ್ನ ಹೆಸರು ಹುಲಿಗೆವ್ವ. ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಐದನೇ ತರಗತಿಯಲ್ಲಿ ಮಾಸ್ತರರು ಹಾಜರಿ ಕೂಗುತ್ತ ನನ್ನ ಹೆಸರಿಗೆ ಬಂದರೆ ನನ್ನ ಗಂಟಲು ಕಟ್ಟಿಬಿಡುತ್ತಿತ್ತು. ನಾನು ಎರಡನೇ ಸಾಲಿನಲ್ಲಿ ಕೂತಿರುತ್ತಿದ್ದೆ. ಮಾಸ್ತರರು ನನ್ನ ಮುಖವನ್ನೇ ನೋಡುತ್ತ ಗೈರು ಎಂದು ಬರೆಯುತ್ತಿದ್ದರು. ವರ್ಷದ ಕೊನೆಗೆ, ಇಡೀ ವರ್ಷ ಶಾಲೆಗೆ ಬಾರದ ಹುಡುಗಿಯನ್ನು ಪಾಸು ಮಾಡಲು ಬರುವುದಿಲ್ಲವೆಂದು ಅಪ್ಪನಿಗೆ ಚೀಟಿ ಬರೆದರು. ಆ ಚೀಟಿಯನ್ನು ಶಾಲೆಯಿಂದ ಮನೆಗೆ ತಂದುಕೊಟ್ಟವಳು ನಾನೇ.

ಅವತ್ತಿನಿಂದ ಅಂಗಡಿಯಲ್ಲಿದ್ದೇನೆ. ಜನರ ಮುಖ ನೋಡಲು ನನಗೆ ಆಗುವುದಿಲ್ಲ, ಕಾಲು ನೋಡಲು ಆಗುತ್ತದೆ. ಹಿಮ್ಮಡಿ ಯಾವ ಕಡೆ ಸವೆದಿದೆ, ಹೆಬ್ಬೆರಳು ಚಪ್ಪಲಿಯ ಉಂಗುಟದ ಪಟ್ಟಿಯನ್ನು ಎಷ್ಟು ಎಳೆದಿದೆ, ಯಾವ ಹೊಲಿಗೆ ನನ್ನದು, ಯಾವುದು ಅಪ್ಪನದು, ಎಲ್ಲ ನೆನಪಿರುತ್ತದೆ. ಹನ್ನೆರಡು ವರ್ಷದಲ್ಲಿ ಊರಿನ ಒಂದು ಜೋಡಿಯೂ ನನ್ನ ಕೈಯಿಂದ ತಪ್ಪಿಸಿಕೊಂಡಿಲ್ಲ.

ಹವಾಲ್ದಾರ್ ಗಾಳೆಪ್ಪನವರದೂ ಹಾಗೆಯೇ ಗೊತ್ತು. ಎರಡೂ ಹಿಮ್ಮಡಿ ಒಂದೇ ಸಮ ಸವೆಯುವುದು ಊರಲ್ಲಿ ಅವರೊಬ್ಬರದೇ. ಅವರು ಗಡಿಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ನಿವೃತ್ತರಾಗಿ ಬಂದವರು. ಮದುವೆಯಾಗಲಿಲ್ಲ. ಬೆಳಗಿನ ಐದು ಗಂಟೆಗೆ ಊರ ಹುಡುಗರನ್ನು ಎಬ್ಬಿಸಿ ಕೆರೆಯ ಏರಿಯ ಮೇಲೆ ಓಡಿಸುತ್ತಿದ್ದರು, ಸೈನ್ಯಕ್ಕೆ ಸೇರಲಿ ಎಂದು. ಮೊದಲ ದಿನ ಮೂವತ್ತು ಜನ ಬಂದರೆ ನಾಲ್ಕನೆಯ ದಿನ ಉಳಿಯುತ್ತಿದ್ದದ್ದು ಮೌನೇಶ ಒಬ್ಬ. ತಂದೆ ತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ. ಓಡಿ ಓಡಿ ಸೈನ್ಯ ಸೇರಿದ. ರಜೆಗೆ ಬಂದಾಗ ನಮ್ಮ ಅಂಗಡಿಗೆ ಬಂದು ಅಪ್ಪನಿಗೆ ಸಲ್ಯೂಟ್ ಹೊಡೆಯುತ್ತಿದ್ದ. ಅಪ್ಪ ಉಳಿ ಹಿಡಿದ ಕೈಯಿಂದಲೇ ತಿರುಗಿ ಸಲ್ಯೂಟ್ ಹೊಡೆಯಲು ಹೋಗಿ ಒಮ್ಮೆ ಹಣೆ ಕೊಯ್ದುಕೊಂಡ.

ನಡೆದದ್ದು ಹೋದ ವರ್ಷ, ಒಂದು ಮಂಗಳವಾರ. ಘಟಕದಲ್ಲಿ ನೀರು ಬಿಡುವುದು ಸಂಜೆ ನಾಲ್ಕಕ್ಕೆ. ಬಿಟ್ಟರೆ ಒಬ್ಬರ ಮೇಲೊಬ್ಬರು ಬೀಳುವುದು ನಮ್ಮ ರೂಢಿ. ಮೌನೇಶ ಕ್ಯಾನು ತಂದವನು, ಚಪ್ಪಲಿ ಕಟ್ಟೆಯ ಕೆಳಗೆ ಬಿಡಿ ಎಂಬ ಬೋರ್ಡು ಓದಿ ಬೂಟು ಬಿಚ್ಚಿಟ್ಟ. ಆ ಬೋರ್ಡನ್ನು ಅವತ್ತಿನವರೆಗೆ ಯಾರೂ ಓದಿರಲಿಲ್ಲ. ಅವನು ಬಿಟ್ಟದ್ದು ನೋಡಿ ಎಲ್ಲರೂ ಬಿಟ್ಟರು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಜನರೂ ತಮಾಷೆಗೆಂದು ನಿಂತರು. ಸಾಲು ಹೇಗಿರುತ್ತದೆ ಎಂದು ನೋಡುವ ಆಸೆ ಅವರಿಗೂ ಇತ್ತು. ಅಷ್ಟರಲ್ಲಿ ಪಟ್ಟಣ ಪಂಚಾಯ್ತಿ ಅಧ್ಯಕ್ಷರ ತಮ್ಮನ ಮಗ ಚಂದ್ರಕಾಂತ, ಮೂರು ಜನ ಗೆಳೆಯರೊಂದಿಗೆ ಆರು ಕ್ಯಾನು ಹಿಡಿದು ನೇರ ನಲ್ಲಿಯ ಹತ್ತಿರ ಹೋದ. ಹಿಂದೆ ನಿಂತುಕೋ ಎಂದು ಮೌನೇಶ ಹೇಳಿದ. ಅಲ್ಲಿ ನಲ್ಲಿಗೆ ಜೋಡಿಸಲು ತಂದಿಟ್ಟಿದ್ದ ಒಂದು ಕಬ್ಬಿಣದ ಕೊಳವೆ ಇತ್ತು.

ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಯಾರೂ ನೋಡಲಿಲ್ಲ. ಪೊಲೀಸರು ಬಂದು ಕೇಳಿದಾಗ ಆ ಹೊತ್ತಿನಲ್ಲಿ ತಾವು ಯಮನೂರಪ್ಪನ ಕ್ಷೌರದಂಗಡಿಯಲ್ಲಿ ಇದ್ದೆವೆಂದು ಅರವತ್ತಮೂರು ಜನ ಬರೆಸಿದರು. ಯಮನೂರಪ್ಪನ ಅಂಗಡಿಯಲ್ಲಿ ಇರುವುದು ಎರಡು ಕುರ್ಚಿ. ಜೊತೆಗೆ ಮಂಗಳವಾರ ಅದಕ್ಕೆ ಬೀಗ. ಬೀಗದ ವಿಷಯ ಹೇಳಬೇಕಾದ ಯಮನೂರಪ್ಪನೇ ತಾನೂ ಕ್ಷೌರದಂಗಡಿಯಲ್ಲಿದ್ದೆ ಎಂದು ಬರೆಸಿದ. ಅರವತ್ತಮೂರರಲ್ಲಿ ಕೆಲವರು ನಿಜವಾಗಿಯೂ ಬೇರೆ ಎಲ್ಲೋ ಇದ್ದವರು. ಎಲ್ಲರೂ ಅಲ್ಲಿರುವಾಗ ತಾವೊಬ್ಬರು ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದು ಸೇರಿಕೊಂಡವರು. ನನ್ನ ಅಪ್ಪನೂ ಕ್ಷೌರಕ್ಕೆ ಹೋಗಿದ್ದೆ ಎಂದ. ನನಗೆ ಬುದ್ಧಿ ಬಂದಾಗಿನಿಂದ ಅಪ್ಪನ ತಲೆಯ ಮೇಲೆ ಒಂದೂ ಕೂದಲಿಲ್ಲ. ಬರೆದುಕೊಳ್ಳುತ್ತಿದ್ದ ಪೊಲೀಸರು ಅಪ್ಪನ ತಲೆ ನೋಡಿ, ಪೆನ್ನು ನೋಡಿ, ಬರೆದುಕೊಂಡರು. ಕಟ್ಟೆ ಜಾರುತ್ತಿತ್ತು, ಬಿದ್ದ ಎಂದು ಕಾಗದ ಮುಗಿಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಗಂಟಲಿನ ವಿಷಯ ಹೇಳಿದೆನಲ್ಲ.

ಆದರೆ ಆ ಮಂಗಳವಾರ ದೀಪದ ಹೊತ್ತಿಗೆ ನಾನು ಅಂಗಡಿಯಲ್ಲಿ ಕೂತಿದ್ದೆ. ರಕ್ತ ನೋಡಿ ಹೆದರಿದ ಜನ ಕಟ್ಟೆಯ ಹಿಂಬದಿಯಿಂದ ಬರಿಗಾಲಲ್ಲೇ ಓಡಿದ್ದರು. ಬೇರೆ ಊರಿನವರಾಗಿದ್ದರೆ ಚಪ್ಪಲಿ ಎತ್ತಿಕೊಂಡು ಓಡುತ್ತಿದ್ದರು. ನಮ್ಮವರು ಹೇಗೂ ಮನೆಗೆ ಬರುತ್ತವಲ್ಲ ಎಂದು ಬಿಟ್ಟು ಓಡಿದರು. ಅವು ಬಂದವು. ನಲವತ್ತೊಂದು ಜೋಡಿ, ಒಂದರ ಹಿಂದೊಂದು, ನನ್ನ ಕಣ್ಣ ಮುಂದೆ ಹಾದು ಪೇಟೆಯ ಕಡೆ ಹೊರಟವು. ಮುಂದೆ ಮೌನೇಶನ ಬೂಟು. ಅದರ ಹಿಂದೆ, ಚಂದ್ರಕಾಂತ ಕಟ್ಟೆಯ ಮೇಲೇ ಬಿಟ್ಟು ಓಡಿದ್ದ ಬಕ್ಕಲಿನ ಚಪ್ಪಲಿ, ಎಡಗಾಲಿನದು ಕಿತ್ತು ಎಳೆದುಕೊಂಡು. ಐದನೆಯದು ಮಾಸ್ತರರ ಕ್ಯಾನ್ವಾಸು. ಒಂಬತ್ತನೆಯದು ಟಾಯರಿನ ಅಟ್ಟೆ ಹಾಕಿದ, ಬಲಗಡೆ ಮೂರು ಹೊಲಿಗೆಯ ಜೋಡಿ. ಆ ಮೂರು ಹೊಲಿಗೆ ನಾನೇ ಹಾಕಿದ್ದು. ಅದು ಪೇಟೆಗೆ ಹೋಗಲಿಲ್ಲ. ನಮ್ಮ ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ನಿಂತಿತು.

ಅಪ್ಪ ಅವತ್ತಿನಿಂದ ಘಟಕದ ನೀರು ಕುಡಿಯುವುದನ್ನು ಬಿಟ್ಟ. ಆ ನೀರಿನಿಂದ ಹೊಟ್ಟೆ ಉಬ್ಬುತ್ತದೆ ಎಂದು ಎರಡು ಮೈಲಿ ನಡೆದು ಹಳೆಯ ಬಾವಿಯ ನೀರು ತರುತ್ತಾನೆ. ಆ ಬಾವಿಯಲ್ಲಿ ಕಪ್ಪೆಗಳಿವೆ.

ಮೌನೇಶನ ಬೂಟು ಸೋದರಮಾವನ ಮನೆಗೆ ಹೋಗಲಿಲ್ಲ. ಹವಾಲ್ದಾರ್ ಗಾಳೆಪ್ಪನವರ ಅಂಗಳಕ್ಕೆ ಹೋಗಿ ಹೊಸಿಲ ಎದುರು ನಿಂತಿತು. ಅವರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮೌನೇಶನಿಲ್ಲದೆ ಬೂಟು ಮಾತ್ರ ಬಂದದ್ದು ನೋಡಿ ಅದನ್ನು ಎತ್ತಿಕೊಂಡು, ದಾರಿಯಲ್ಲಿ ವಿಚಾರಿಸುತ್ತ ಆಸ್ಪತ್ರೆಗೆ ಓಡಿದರಂತೆ. ಮೌನೇಶ ಮಾತಾಡಲಿಲ್ಲ, ಬೆಳಗಾಗುವಷ್ಟರಲ್ಲಿ ತೀರಿಕೊಂಡ. ಇಪ್ಪತ್ತು ವರ್ಷ ನಮ್ಮ ಅನ್ನ ತಿಂದ ಕಾಲು ಬೇರೆಯವರ ಮನೆ ಹುಡುಕಿಕೊಂಡು ಹೋಯಿತಲ್ಲ ಎಂದು ಸೋದರಮಾವ ಹದಿಮೂರನೆಯ ದಿನದ ಊಟದಲ್ಲಿ ಬಹಳ ಬೇಜಾರು ಮಾಡಿಕೊಂಡ. ಮೌನೇಶನಿಗೆ ತಮ್ಮ ಮನೆಯೇ ಮನೆಯೆಂದು ಗಾಳೆಪ್ಪನವರಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ. ತನ್ನ ಮನೆಯೂ ಇನ್ನೊಬ್ಬರ ಮನೆಯಾಗಿತ್ತು ಎಂದು ಯಾರಿಗೇ ಆಗಲಿ ಹಾಗೆ ತಿಳಿಯಬಾರದು.

ಹದಿನಾಲ್ಕನೆಯ ದಿನ ಅವರು ಬೂಟಿಗೆ ಪಾಲಿಶ್ ಮಾಡಿ, ಸಂಜೆ ನಾಲ್ಕಕ್ಕೆ ಮುಂಚೆ ನೀರಿನ ಘಟಕಕ್ಕೆ ತೆಗೆದುಕೊಂಡು ಹೋಗಿ ನಲ್ಲಿಯ ಎದುರು ಇಟ್ಟರು. ಕೈ ಹಿಂದೆ ಕಟ್ಟಿ ಬದಿಗೆ ನಿಂತರು. ಬೂಟನ್ನು ಸರಿಸಲು ಯಾರಿಗೂ ಧೈರ್ಯವಾಗಲಿಲ್ಲ, ನೀರು ಒಯ್ಯದೆ ಇರುವಂತೆಯೂ ಇರಲಿಲ್ಲ. ಮೊದಲು ಬಂದವಳು ಬೂಟಿನ ಹಿಂದೆ ನಿಂತಳು. ಎರಡನೆಯವನು ಅವಳ ಹಿಂದೆ ನಿಂತ. ಹಾಗೆ ಒಂದು ವರ್ಷ ನಡೆಯಿತು. ನಮ್ಮ ಜಿಲ್ಲೆಯಲ್ಲೇ ಅಂಥ ಸಾಲು ಇರಲಿಲ್ಲ. ಪಕ್ಕದ ಊರಿನ ಪಂಚಾಯ್ತಿಯವರು ನೋಡಿಕೊಂಡು ಹೋಗಲು ಬಂದು, ಯಾವ ಇಲಾಖೆಯಿಂದ ಬೂಟು ಮಂಜೂರಾಯಿತು ಎಂದು ಕೇಳಿದರು. ದೀಪದ ಹೊತ್ತಿಗೆ ಬೂಟುಗಳು ಎದ್ದು, ಎಡ ಬಲ ಎಡ ಬಲ ಎಂದು ಪೇಟೆಯ ನಡುವೆ ನಡೆದು ಗಾಳೆಪ್ಪನವರ ಮನೆಗೆ ಹೋಗುತ್ತಿದ್ದವು. ಆ ಐದು ನಿಮಿಷ ಅಂಗಡಿಯವರೆಲ್ಲ ಪೇಪರು ಓದುತ್ತಿದ್ದರು. ಕೆಲವರು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

ಗಾಳೆಪ್ಪನವರು ವಾರಕ್ಕೊಮ್ಮೆ ಬೂಟು ತಂದು ನನ್ನ ಮುಂದಿಡುತ್ತಿದ್ದರು. ನಾನು ಮಾತಾಡುವುದಿಲ್ಲವಾದ್ದರಿಂದ ನನ್ನ ಹತ್ತಿರ ಅವರಿಗೆ ಮಾತಾಡಲು ಸಲೀಸಾಗುತ್ತಿತ್ತು. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ತರುತ್ತಿದ್ದರು. ರಜೆಗೆ ಬಂದ ಸಿಪಾಯಿ ಬಸ್ಸಿನ ಸೀಟಿನ ಜಗಳದಲ್ಲಿ ಸತ್ತ. ಇನ್ನೊಬ್ಬ ಹೊಲದ ಬದುವಿನ ಮೇಲೆ ಸತ್ತ. ಮತ್ತೊಬ್ಬ ಅಕ್ಕನ ಮಗಳನ್ನು ಚುಡಾಯಿಸಿದವರನ್ನು ಕೇಳಲು ಹೋಗಿ ಸತ್ತ. ಅಪ್ಪ ಆ ಹೊತ್ತಿನಲ್ಲಿ ತಲೆ ಬಗ್ಗಿಸಿ ಒಂದೇ ಮೊಳೆಯನ್ನು ಹೊಡೆದೇ ಹೊಡೆಯುತ್ತಿದ್ದ. ಆ ವರ್ಷ ನಮ್ಮಲ್ಲಿ ರಿಪೇರಿಯಾದ ಚಪ್ಪಲಿಗಳ ಮೊಳೆಗಳು ಬಹಳ ಗಟ್ಟಿ.

ಒಂದು ದಿನ ಗಾಳೆಪ್ಪನವರು ಕೊನೆಯ ಮಾತುಗಳ ವಿಷಯ ಹೇಳಿದರು. ಜೊತೆಯವನು ಸತ್ತರೆ, ಅವನ ಕೊನೆಯ ಮಾತನ್ನು ಕೇಳಿಸಿಕೊಂಡವನು ರಜೆಯಲ್ಲಿ ಅವನ ಮನೆಗೆ ಹೋಗಿ ಮುಟ್ಟಿಸಬೇಕು. ಅದು ಅವರವರಲ್ಲಿ ಇದ್ದ ಪದ್ಧತಿ. ಅಕ್ಷರ ಬದಲಿಸುವಂತಿಲ್ಲ. ಗಾಳೆಪ್ಪನವರು ಹಾಗೆ ನಾಲ್ಕು ಮಾತು ಮುಟ್ಟಿಸಿದ್ದರು. ಒಬ್ಬನದು ಎಮ್ಮೆ ಮಾರಬೇಡಿ ಎಂದು. ಮನೆಯವರು ಅಷ್ಟರಲ್ಲಿ ಮಾರಿಬಿಟ್ಟಿದ್ದರಂತೆ. ಮತ್ತೆ ಹೋಗಿ ಹೆಚ್ಚು ಬೆಲೆ ಕೊಟ್ಟು ತಂದರಂತೆ. ಇನ್ನೊಬ್ಬನದು ಬೇಳೆಗೆ ಉಪ್ಪೇ ಇಲ್ಲ ಎಂದು. ಅಡುಗೆಯವನಿಗೆ ಬೈದ ಮಾತು. ಗಾಳೆಪ್ಪನವರು ಎರಡು ರೈಲು, ಮೂರು ಬಸ್ಸು ಹಿಡಿದು ಹೋಗಿ ಅವನ ಹೆಂಡತಿಯ ಮುಂದೆ ನೆಟ್ಟಗೆ ನಿಂತು, ಬೇಳೆಗೆ ಉಪ್ಪೇ ಇಲ್ಲ, ಎಂದರಂತೆ. ಆಕೆ ಮೊದಲು ನಕ್ಕಳಂತೆ, ಊಟಕ್ಕೆ ಕೂತರೆ ಹಾಗೇ ಅನ್ನುತ್ತಿದ್ದ ಎಂದಳಂತೆ. ಆಮೇಲೆ ಇಬ್ಬರೂ ಅತ್ತರಂತೆ.

“ಅಷ್ಟು ದೂರದಿಂದ ನಾಕು ಮಾತು ತಂದೆ ಹುಲಿಗೆವ್ವ,” ಎಂದರು. “ಇಲ್ಲಿ ನಮ್ಮ ನೀರಿನ ಕಟ್ಟಿಯಿಂದ ನಮ್ಮ ಮನಿಗೆ ಎರಡು ಫರ್ಲಾಂಗ್. ಒಂದು ಮಾತು ತರಾಕ ಆಗವಲ್ದು ನನಗ.”

ಅಪ್ಪನ ಸುತ್ತಿಗೆ ನಿಂತಿತು. ಮತ್ತೆ ಶುರುವಾಯಿತು. ಆಗ ನನಗೆ ಅರ್ಥವಾಯಿತು, ಅವರು ಕೇಸು ಹಿಡಿದು ನಿಂತವರಲ್ಲ ಎಂದು. ಬೂಟಿನ ಹಿಂದೆ ನಿಂತ ಯಾರಾದರೂ ಒಬ್ಬರು ಬಾಯಿ ಬಿಟ್ಟು, ಅವನು ಕೊನೆಗೆ ಹೀಗೆಂದ ಎಂದು ಹೇಳಿಯಾರು ಎಂದು ಅವರು ದಿನಾ ಕಾಯುತ್ತಿದ್ದರು. ಹೇಳಿದವರು ಕ್ಷೌರದಂಗಡಿಯಲ್ಲಿ ಇರಲಿಲ್ಲವೆಂದು ಆಗುತ್ತದೆ. ಅದಕ್ಕೇ ಯಾರೂ ಹೇಳಲಿಲ್ಲ.

ಪಂಚಾಯ್ತಿ ಚುನಾವಣೆ ಹತ್ತಿರ ಬಂತು. ಅಧ್ಯಕ್ಷರಿಗೆ ಯೋಧರ ಮೇಲೆ ಗೌರವ ಹುಟ್ಟಿತು. ಸಮುದಾಯ ಭವನದಲ್ಲಿ ಸಂಜೆ ಐದಕ್ಕೆ ಹವಾಲ್ದಾರ್ ಗಾಳೆಪ್ಪನವರಿಗೆ ಸನ್ಮಾನ ಎಂದು ಕರಪತ್ರ ಹಂಚಿದರು. ಹಿಂದೆ ಮೂರು ಸಲ ಶಾಲು ಬೇಡವೆಂದು ಕಳಿಸಿದ್ದ ಗಾಳೆಪ್ಪನವರು ಈ ಸಲ ಒಪ್ಪಿದರು. ಐದು ನಿಮಿಷ ಮೈಕು ಕೊಡಬೇಕು ಎಂದರಂತೆ. ಯುದ್ಧದ ಕತೆ ಹೇಳುತ್ತಾರೆಂದು ಅಧ್ಯಕ್ಷರು ಹತ್ತು ನಿಮಿಷ ಕೊಟ್ಟರು. ಭವನಕ್ಕೆ ಹೊಸ ಜಮಖಾನ ಹಾಸಿದ್ದರಿಂದ ಚಪ್ಪಲಿ ಹೊರಗೆ. ಕಟ್ಟಲು ನಮ್ಮನ್ನು ಕರೆದರು. ಅಪ್ಪ ಗೂಟ ಹೊಡೆದುಕೊಟ್ಟು, ತನ್ನ ಜೋಡಿಯನ್ನೂ ನನ್ನ ಮುಂದೆ ಬಿಟ್ಟು, ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಊರೆಲ್ಲ ಬಂದಿತ್ತು. ಸನ್ಮಾನದ ನಂತರ ಉಪ್ಪಿಟ್ಟು, ಕೇಸರಿಬಾತು ಇತ್ತು.

ಗಾಳೆಪ್ಪನವರು ತಮ್ಮ ಬೂಟು ಬಿಚ್ಚಿಟ್ಟರು. ಕೈಯಲ್ಲಿದ್ದ ಮೌನೇಶನ ಬೂಟನ್ನೂ ಪಕ್ಕದಲ್ಲಿಟ್ಟು, ಇವನ್ನೂ ಕಟ್ಟವ್ವ ಎಂದು ಹೇಳಿ ಒಳಗೆ ಹೋದರು.

ಶಾಲು ಹೊದಿಸಿದ್ದು, ಹಾರ ಹಾಕಿದ್ದು, ಪೇಟ ತಲೆಗೆ ಸಣ್ಣದಾದದ್ದು ಎಲ್ಲ ಮೈಕಿನಲ್ಲಿ ಕೇಳುತ್ತಿತ್ತು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಹಗ್ಗದಲ್ಲಿ ಚಪ್ಪಲಿಗಳು ಕಾಲು ಕೆರೆಯಲು ಶುರುಮಾಡಿದ್ದವು. ಆಗ ಮೈಕಿನಲ್ಲಿ ಗಾಳೆಪ್ಪನವರ ದನಿ ಬಂತು.

“ಹೊಡೆದವರು ಯಾರಂತ ನಾ ಕೇಳೂದಿಲ್ಲ,” ಎಂದರು. “ಅವತ್ತು ಕಟ್ಟಿ ಮ್ಯಾಲೆ ಇದ್ದವರು ಒಬ್ಬರು ಕೈ ಎತ್ರಿ. ಮೌನೇಶ ಕಡೀಗೆ ಏನಂದ, ಅಷ್ಟು ಹೇಳ್ರಿ. ಬೈದಿದ್ರೂ ಅಡ್ಡಿಯಿಲ್ಲ. ನನಗ ಬೈದಿದ್ರೂ ಅಡ್ಡಿಯಿಲ್ಲ. ಅವನನ್ನ ಓಡಿಸಿ ಓಡಿಸಿ ಸಿಪಾಯಿ ಮಾಡಿದಾಂವ ನಾನ. ಸಾಲು ಕಲಿಸಿದಾಂವ ನಾನ.”

ಮೈಕಿನಲ್ಲಿ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು. ಯಾರೋ ಕೆಮ್ಮಿದರು. ಅದು ಯಮನೂರಪ್ಪನ ಕೆಮ್ಮು. ನನ್ನ ಅಪ್ಪ ಈಗ ಎದ್ದಾನು, ಈಗ ಎದ್ದಾನು ಎಂದು ನಾನು ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ಹೊಸ ಜಮಖಾನದ ಅಂಚನ್ನು ಬೆರಳಿನಲ್ಲಿ ಪರೀಕ್ಷೆ ಮಾಡುತ್ತಿದ್ದ. ಅಧ್ಯಕ್ಷರು ಮೈಕು ತೆಗೆದುಕೊಂಡು, ಹವಾಲ್ದಾರರು ಭಾವುಕರಾಗಿದ್ದಾರೆ, ಈಗ ವಂದನಾರ್ಪಣೆ, ಎಂದರು.

ವಂದನಾರ್ಪಣೆ ಮಾಡುವವರು ನಮ್ಮ ಮಾಸ್ತರರು. ಅವರು ಶುರುಮಾಡಿದರೆ ಕಾಲು ಗಂಟೆ ಖಂಡಿತ. ಅಷ್ಟು ಹೊತ್ತು ನನಗೆ ಸಾಕಾಗಿತ್ತು.

ನಾನು ಹಗ್ಗ ಬಿಚ್ಚಿದೆ. ಅವತ್ತು ಅಲ್ಲಿ ಇರದವರ ಚಪ್ಪಲಿಗಳನ್ನು ಬೇರೆ ಹಗ್ಗಕ್ಕೆ ಕಟ್ಟಿ ಗೋಡೆಯ ಕಡೆ ಒಟ್ಟಿದೆ. ಉಳಿದವನ್ನು ಭವನದ ಮೆಟ್ಟಿಲಿನಿಂದ ರಸ್ತೆಯವರೆಗೆ, ಒಂದರ ಹಿಂದೊಂದು, ಆ ಮಂಗಳವಾರ ನನ್ನ ಮುಂದೆ ಹಾದು ಹೋದ ಕ್ರಮದಲ್ಲೇ ಕಟ್ಟುತ್ತ ಬಂದೆ. ಮುಂದೆ ಬೂಟು. ಎರಡನೆಯದು ಬಕ್ಕಲಿನ ಜೋಡಿ. ಆ ಮಂಗಳವಾರದ ಮರುದಿನ ಅದು ರಿಪೇರಿಗೆ ಬಂದಾಗ ಬಕ್ಕಲನ್ನು ಮೂರು ನೀರಿನಲ್ಲಿ ತೊಳೆದವಳು ನಾನು. ಕೆಲವರು ಈ ವರ್ಷ ಹೊಸದು ಕೊಂಡಿದ್ದರು. ಹೊಸದಾದರೇನು, ಕಾಲು ಹಳೆಯದೇ. ಇಬ್ಬರು ಬಂದಿರಲಿಲ್ಲ, ಅವರ ಜಾಗ ಖಾಲಿ ಬಿಟ್ಟೆ. ಒಂಬತ್ತನೆಯ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿದ ಮೇಲೆ ಅಪ್ಪನ ಜೋಡಿ ನನ್ನ ಕೈಯಲ್ಲಿ ಉಳಿದಿತ್ತು. ಮಾಸ್ತರರು ಶಾಮಿಯಾನದವರಿಗೆ ವಂದಿಸಿ ಮೈಕಿನವರಿಗೆ ವಂದಿಸುತ್ತಿದ್ದರು. ಆ ಜೋಡಿಯನ್ನು ಗೋಡೆಯ ಕಡೆ ಎಸೆದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಮಾಸ್ತರರು ಅಡುಗೆಯವರಿಗೆ ವಂದಿಸಿ ಮುಗಿಸುವವರೆಗೆ ನಾನು ಹಾಗೇ ನಿಂತಿದ್ದೆ. ಆಮೇಲೆ ಬಗ್ಗಿ ಒಂಬತ್ತನೆಯ ಜಾಗದಲ್ಲಿ ಕಟ್ಟಿದೆ. ಎಲ್ಲಕ್ಕಿಂತ ಕೊನೆಗೆ ನನ್ನ ಕಾಲಿನದನ್ನೂ ಬಿಚ್ಚಿ ಇಟ್ಟೆ. ನಾನು ಕಟ್ಟೆಯ ಮೇಲೆ ಇರಲಿಲ್ಲ. ಆದರೆ ಕ್ಷೌರದಂಗಡಿಯಲ್ಲೂ ಇರಲಿಲ್ಲ.

ಜನ ಕೇಸರಿಬಾತಿನ ಕಡೆ ಹೋಗಬೇಕೆಂದು ಹೊರಗೆ ಬಂದರು. ಬಂದವರು ಮೆಟ್ಟಿಲ ಮೇಲೆ ನಿಂತರು. ಹಿಂದಿನವರು ನೂಕಿದರು, ನೋಡಿ ಅವರೂ ನಿಂತರು. ಯಾರೂ ಯಾರಿಗೂ ವಿವರಿಸಬೇಕಾಗಲಿಲ್ಲ. ಮುಂದಿನ ಬೂಟನ್ನು ಒಂದು ವರ್ಷದಿಂದ ದಿನಾ ನೋಡಿದವರು ಅವರು, ಅದರ ಹಿಂದಿನ ಸಾಲು ಯಾವುದೆಂದು ಅವರಿಗೆ ಗೊತ್ತು. ಗೋಡೆಯ ಕಡೆಯ ರಾಶಿಯಲ್ಲಿ ತಮ್ಮದು ಸಿಕ್ಕವರು ಜೋರಾಗಿ ಉಸಿರು ಬಿಟ್ಟು, ಹಾಕಿಕೊಂಡು, ಮನೆಗೆ ಹೋಗದೆ ನೋಡುತ್ತ ನಿಂತರು.

ಚಂದ್ರಕಾಂತ ಬಕ್ಕಲಿನ ಜೋಡಿ ನೋಡಿ, ಇದು ನನ್ನದಲ್ಲ ಎಂದ. ಯಾರೂ ಕೇಳಿರಲಿಲ್ಲ. ಬರಿಗಾಲಲ್ಲೇ ಹೋಗಿ ದೊಡ್ಡಪ್ಪನ ಜೀಪು ಹತ್ತಿದ. ಆ ಉಪಾಯ ಉಳಿದವರಿಗೂ ಹಿಡಿಸಿತು. ನನ್ನದಲ್ಲ, ನನ್ನದೂ ಅಲ್ಲ, ನಾನು ಬರುವಾಗಲೇ ಬರಿಗಾಲಲ್ಲಿ ಬಂದಿದ್ದೆ, ವೈದ್ಯರು ಹುಲ್ಲಿನ ಮೇಲೆ ನಡೆಯಲು ಹೇಳಿದ್ದಾರೆ, ಎನ್ನುತ್ತ ಜನ ಇಳಿದು ಹೊರಟರು. ಮಾಸ್ತರರು ತಮ್ಮ ಕ್ಯಾನ್ವಾಸಿನ ಒಳಗೆ ಮಸಿಯಲ್ಲಿ ದುಂಡಗೆ ಬರೆದ ತಮ್ಮ ಹೆಸರನ್ನು ಓದಿ, ಯಾರೋ ನನ್ನ ಹೆಸರಿನವರದು, ಎಂದರು.

ಆಗ ಸರಿಯಾಗಿ ದೀಪದ ಹೊತ್ತು. ನಾನು ಗೂಟದ ಗಂಟು ಬಿಚ್ಚಿ ಹಗ್ಗ ಬಿಟ್ಟೆ, ಒಂದೊಂದೇ ಕುಣಿಕೆ ಸಡಿಲಾಯಿತು.

ಚಪ್ಪಲಿಗಳು ಹೊರಟವು. ಒಂದೊಂದು ಜೋಡಿಯೂ ತನ್ನದಲ್ಲ ಎಂದವನ ಹಿಂದೆಯೇ, ಅವನ ಮನೆಯ ದಾರಿಯಲ್ಲೇ ಪಟಪಟ ನಡೆಯಿತು. ಯಮನೂರಪ್ಪ ಬೇಕೆಂದೇ ಬೇರೆ ಓಣಿಗೆ ಹೊರಳಿದ. ಅವನ ಚಪ್ಪಲಿ ಮೂಲೆಯಲ್ಲಿ ನಿಂತು ಅವನಿಗಾಗಿ ಕಾಯಿತು. ಜೀಪಿನ ಮುಂದೆ ಜನವಿದ್ದದ್ದರಿಂದ ಅದು ನಿಧಾನ ಹೋಗಬೇಕಾಯಿತು. ಬಕ್ಕಲಿನ ಜೋಡಿ ಅದರ ಹಿಂದೆ. ಜೀಪು ಜೋರಾದರೆ ಅವೂ ಜೋರು. ತಿರುವಿನಲ್ಲಿ ಎಡಗಾಲಿನದು ಜಾರಿ ಬಿತ್ತು, ಎದ್ದು ಮತ್ತೆ ಓಡಿತು. ಊರಿಗೆ ಊರೇ ನಕ್ಕಿತು. ಅಧ್ಯಕ್ಷರ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ನನಗೂ ನಗು ಬಂತು.

ನಗು ಮುಗಿದಾಗ ನೋಡಿದರೆ, ಮೌನೇಶನ ಬೂಟಿನ ಹಗ್ಗವನ್ನು ಗಾಳೆಪ್ಪನವರು ಹಿಡಿದುಕೊಂಡಿದ್ದರು. ಸಾಲಿನಲ್ಲಿ ಒಂದು ಜೋಡಿ ಹೊರಟಿರಲಿಲ್ಲ. ಅಪ್ಪ ಅದರಲ್ಲಿ ಕಾಲು ಹಾಕಿಕೊಂಡು ನಿಂತಿದ್ದ. ಮುಂದಿನವರು ಯಾರೂ ಇರದಿದ್ದರೂ ಒಂಬತ್ತನೆಯ ಜಾಗದಲ್ಲೇ ನಿಂತಿದ್ದ.

“ನಾ ಇದ್ದೆ,” ಎಂದ ಅಪ್ಪ. ಗಾಳೆಪ್ಪನವರ ಮುಖ ನೋಡದೆ ಅವರ ಕಾಲು ನೋಡುತ್ತ ಹೇಳಿದ. ನನ್ನ ಅಭ್ಯಾಸ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. “ಸಾಲು ಬಿಟ್ರ ಪಾಳಿ ಹೋಗ್ತೈತಿ ಅಂತ ನಿಂತೆ. ಎಲ್ಲಾರೂ ಹಂಗ ನಿಂತ್ವಿ. ಅವನು ನಿಲ್ಲಿಸಿದ ಸಾಲು, ಅವನನ್ನ ಹೊಡಿಯೋವಾಗೂ ಒಬ್ಬಾಂವನೂ ಬಿಡ್ಲಿಲ್ಲ. ಅಷ್ಟರಾಗ ನನ್ನ ಪಾಳಿ ಬಂದು ಕ್ಯಾನ್ ತುಂಬಿತ್ತು. ಅವನು ಹಂಗ ಬಿದ್ದಾಂವ ನನ್ನ ಕ್ಯಾನ್ ನೋಡಿ, ‘ದುರುಗಣ್ಣ, ಒಂದ್ ಗುಟುಕು ನೀರು’ ಅಂದ.”

ಗಾಳೆಪ್ಪನವರು ಬೂಟಿನ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಅಪ್ಪನೇ ಮುಂದುವರಿಸಿದ.

“ನಾ ಮುಚ್ಚಳಾ ಬಿಗಿ ಮಾಡಿದೆ.”

ಸ್ವಲ್ಪ ಹೊತ್ತಾದ ಮೇಲೆ ಸೊಪ್ಪು ಮಾರುವ ಶಂಕ್ರವ್ವ ತನ್ನ ಚಪ್ಪಲಿಯ ಹಿಂದೆ ಓಡಿ ಹೋಗಿದ್ದವಳು, ಅದನ್ನು ಹಾಕಿಕೊಂಡು ತಿರುಗಿ ಬಂದು ಅಪ್ಪನ ಹಿಂದೆ ನಿಂತಳು. ತನ್ನನ್ನೂ ಕೇಳಿದ, ಅಕ್ಕಾ ಎಂದು ಕರೆದು ಕೇಳಿದ, ಎಂದಳು. ಆಮೇಲೆ ಇನ್ನಿಬ್ಬರು ಬಂದರು. ಆಮೇಲೆ ಮಾಸ್ತರರು. ಒಟ್ಟು ಹನ್ನೊಂದು ಜನ. ಅವನು ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳಿದ್ದ. ಸಾಲು ತಪ್ಪದಂತೆ ಕೇಳಿದ್ದ.

ಗಾಳೆಪ್ಪನವರು ಎಲ್ಲವನ್ನೂ ನೆಟ್ಟಗೆ ನಿಂತು ಕೇಳಿಸಿಕೊಂಡರು. ಪೇಟ ಇನ್ನೂ ತಲೆಯ ಮೇಲಿತ್ತು. ಹನ್ನೊಂದನೆಯವರು ಮುಗಿಸಿದ ಮೇಲೆ, ಒಂದ್ ಗುಟುಕು ನೀರು, ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. ಅಕ್ಷರ ಬದಲಾಗಬಾರದಲ್ಲ. ಆಮೇಲೆ ಕಟ್ಟಿದ ಗಂಟುಗಳನ್ನು ನೋಡಿ ಕೇಳಿದರು.

“ಈ ಸಾಲು ನಿಲ್ಲಿಸಿದವರು ಯಾರು?”

“ನಾನ್ರಿ,” ಎಂದೆ.

ನನ್ನ ದನಿ ಬಾವಿಯ ರಾಟೆಯಂತೆ ಬಂತು. ಮಾಸ್ತರರು ತಿರುಗಿ ನೋಡಿದರು. ಅವರ ಕೈ ಜೇಬಿನ ಪೆನ್ನಿನ ಹತ್ತಿರ ಹೋಗಿ ಹಾಗೇ ನಿಂತಿತು.

ಹನ್ನೊಂದು ಜನ ಮರುದಿನ ಠಾಣೆಗೆ ಹೋಗಿ ಹಳೆಯ ಹೇಳಿಕೆ ತಿದ್ದಿಸಿದರು. ಮೊದಲು ಬರೆದುಕೊಂಡ ಪೊಲೀಸರೇ ಬರೆದುಕೊಂಡರು. ಅಪ್ಪನ ಸರದಿ ಬಂದಾಗ, ಕ್ಷೌರದ ವಿಷಯ ಹೊಡೆದುಹಾಕುತ್ತೇನೆ ಎಂದು ತಾವಾಗಿಯೇ ಹೇಳಿದರಂತೆ. ಚಂದ್ರಕಾಂತನನ್ನೂ ಆ ಮೂವರನ್ನೂ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಏನಾಗುತ್ತದೆಯೋ ನೋಡಬೇಕು. ಉಳಿದವರು ಇನ್ನೂ ಕ್ಷೌರದಂಗಡಿಯಲ್ಲೇ ಇದ್ದಾರೆ.

ಅಪ್ಪ ಠಾಣೆಯಿಂದ ಬಂದು ಘಟಕದ ನೀರಿನ ಕ್ಯಾನನ್ನು ಮುಂದಿಟ್ಟುಕೊಂಡು ಕೂತ. ಕುಡಿಯಲಿಲ್ಲ. ಮುಚ್ಚಳ ಮಾತ್ರ ತೆಗೆದಿಟ್ಟ. ಈಗಲೂ ನಮ್ಮ ಅಂಗಡಿಯಲ್ಲಿ ಆ ಕ್ಯಾನಿಗೆ ಮುಚ್ಚಳವಿಲ್ಲ. ಧೂಳು ಬೀಳುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ.

ಸನ್ಮಾನವಾದ ಸಂಜೆಯೇ, ಪೂರ್ತಿ ಕತ್ತಲಾಗುವ ಮುಂಚೆ, ಗಾಳೆಪ್ಪನವರು ಹಗ್ಗ ಬಿಟ್ಟಿದ್ದರು. ಬೂಟು ಮುಂದೆ ನಡೆಯಿತು, ಅವರು ಅದರ ಹಿಂದೆ. ನಮ್ಮ ಮನೆಯ ದಾರಿಯೂ ಅದೇ ಆದ್ದರಿಂದ ನಾನು ಹಗ್ಗ ಸುತ್ತಿಕೊಂಡು ಸ್ವಲ್ಪ ದೂರದಲ್ಲಿ ಹೋಗುತ್ತಿದ್ದೆ. ಪೇಟೆಯಲ್ಲಿ ಯಾರೂ ಪೇಪರು ಓದಲಿಲ್ಲ. ಬೂಟು ಅಂಗಳ ಹೊಕ್ಕು ಹೊಸಿಲ ಎದುರು ನಿಂತಿತು. ಗಾಳೆಪ್ಪನವರು ಅದನ್ನು ದಾಟಿ ಒಳಗೆ ಹೋಗಿ, ಒಂದು ಚೊಂಬಿನಲ್ಲಿ ನೀರು ತಂದರು. ಹೊರಗಿನಿಂದ ಬಂದವರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಮಂಡಿಯೂರಿದರು. ಮೊದಲು ಒಂದು ಬೂಟಿಗೆ, ಆಮೇಲೆ ಇನ್ನೊಂದಕ್ಕೆ, ಒಳಗೆ ತುಂಬುವ ಹಾಗೆ ಸುರಿದರು.

ತೊಗಲಿನ ಒಳಗೆ ನೀರು ಹೋದರೆ ಹೊಲಿಗೆ ಕೊಳೆಯುತ್ತದೆ, ಅಟ್ಟೆ ಬಿಡುತ್ತದೆ. ಇದನ್ನು ಗಿರಾಕಿಗಳಿಗೆ ಹೇಳುವುದು ನಮ್ಮ ಕೆಲಸ. ನನಗೆ ಅಷ್ಟು ಹೊತ್ತಿಗೆ ಮಾತೂ ಬರುತ್ತಿತ್ತು. ಹೇಳಲಿಲ್ಲ.